ಗರಗಸ ಎಳೆಯುವ ಗಾಡಿ

ಗರಗಸದಕ್ಕ ಮೈದುನನನ್ನು ಕರೆದುಕೊಂಡು ಹಳೇ ಪಿಕಪ್ ನೋಡಲು ಹೊರಟಿದ್ದಾಳೆ ಎಂದು ಕೇಳಿ ಬೀದಿಯವರೆಲ್ಲ ಹುಬ್ಬೇರಿಸಿದರು. ಏರಿಸದೆ ಇನ್ನೇನು ಮಾಡಿಯಾರು? ಹತ್ತು ತಿಂಗಳಿಂದ ಆ ಇಬ್ಬರು ಎದುರುಬದುರು ನಿಂತು ನಾಲ್ಕು ಮಾತಾಡಿದ್ದನ್ನು ಕಂಡವರಿಲ್ಲ. ಅವನು ಅಂಗಳಕ್ಕೆ ಬಂದರೆ ಅವಳು ಒಳಗೆ ಸೇರಿಕೊಳ್ಳುವಳು, ಅವನು ಹೋದ ಮೇಲೆ ಹೊರಗೆ ಬರುವಳು. ಅಂಥವಳು ಈಗ ಅವನ ಜೊತೆ ಒಂದೇ ಬಸ್ಸು ಹತ್ತಿದ್ದಾಳೆ ಎಂದರೆ ಜನ ಸುಮ್ಮನಿರುತ್ತಾರೆಯೇ?

ಅವಳಿಗೆ ಬೇರೆ ದಾರಿ ಇರಲಿಲ್ಲ, ಅಷ್ಟೇ.

ಅವಳು ಹುಟ್ಟಿದ್ದು ಬಡಗಿಯ ಮನೆಯಲ್ಲಿ. ಮದುವೆಯಾಗಿ ಬಂದ ಮೇಲೆ ಮುಂದಿನ ಕೋಣೆಯಲ್ಲೇ ಸಾಣೆಯ ಯಂತ್ರ ಇಟ್ಟುಕೊಂಡು ಗರಗಸದ ಹಲ್ಲು ಮಸೆಯುತ್ತ ಕೂತವಳು. ಆ ಕೆಲಸದಲ್ಲಿ ಅವಳನ್ನು ಮೀರಿಸಿದವರಿಲ್ಲ. ಬಡಗಿಗಳು, ಮರ ಕಡಿಯುವವರು, ಪೆಟ್ಟಿಗೆ ಮಾಡುವವರು ಎಲ್ಲರೂ ಅವಳ ಬಾಗಿಲಿಗೇ ಬರಬೇಕು. ಗರಗಸದಕ್ಕ ಎಂಬ ಹೆಸರು ಹಾಗೆ ಅಂಟಿಕೊಂಡಿತು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತಂತಾಗಿತ್ತು. ಗಂಡನದು ಊರೂರು ತಿರುಗುವ ಗರಗಸ. ನಾಲ್ಕು ಚಕ್ರದ ಟ್ರೈಲರಿನ ಮೇಲೆ ಆಳುದ್ದದ ಯಂತ್ರ, ಮುಂದೆ ಅದನ್ನು ಎಳೆಯುವ ಪಿಕಪ್. ಎಲ್ಲಿ ಮರ ಬಿದ್ದಿದೆಯೋ ಅಲ್ಲಿಗೆ ಹೋಗಿ, ಅಲ್ಲೇ ಹಲಗೆ ಸೀಳಿ ಕೊಟ್ಟು ಬರುತ್ತಿದ್ದ. ಅವನು ಸೀಳುತ್ತಿದ್ದ, ಇವಳು ಮಸೆಯುತ್ತಿದ್ದಳು. ಇಬ್ಬರೂ ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಮೂಗು ಮುರಿಯುತ್ತಲೇ ಹದಿನಾರು ವರ್ಷ ಸುಖವಾಗಿದ್ದರು.

ಹತ್ತು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಉದ್ದನೆಯ ಇಳಿಜಾರಿನಲ್ಲಿ, ಹಿಂದಿನ ಗರಗಸವೇ ಮುಂದಿನ ಪಿಕಪ್ಪನ್ನು ನೂಕಿಕೊಂಡು ಹೋಯಿತು. ತಿರುವಿನಲ್ಲಿ ಕಲ್ಲಿನ ಗೋಡೆ. ಪಿಕಪ್ ನುಜ್ಜುಗುಜ್ಜಾಯಿತು, ಗಂಡ ಅಲ್ಲೇ ಹೋದ. ಟ್ರೈಲರಿಗೆ ಮಾತ್ರ ಒಂದು ಮೂಲೆ ಸೊಟ್ಟಗಾಗಿದ್ದು ಬಿಟ್ಟರೆ ಹೆಚ್ಚೇನೂ ಆಗಲಿಲ್ಲ. ಅದನ್ನು ಕಂಡಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು.

ಮೂರನೆಯ ದಿನ ಯಾರೋ ಟ್ರೈಲರನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಅವಳು ಅದರ ಸುತ್ತ ಒಂದು ಸುತ್ತು ಬಂದಳು. ಟ್ರೈಲರಿನ ಚಕ್ರಗಳಿಗೆ ಅದರದ್ದೇ ಬ್ರೇಕು ಇರುತ್ತದೆ. ಅದಕ್ಕೆ ಪಿಕಪ್‌ನಿಂದ ಒಂದು ವೈರು ಹೋಗುತ್ತದೆ. ಆ ವೈರನ್ನು ಯಾರೋ ಕತ್ತರಿಸಿದ್ದರು. ಅಪಘಾತದಲ್ಲಿ ಹರಿದದ್ದಲ್ಲ, ಇಕ್ಕಳದಲ್ಲಿ ನೀಟಾಗಿ ತುಂಡು ಮಾಡಿದ್ದು. ತುದಿಗೆ ಕಪ್ಪು ಟೇಪು ಸುತ್ತಿ, ಟೇಪಿನ ಕೊನೆಯನ್ನು ಚೂರು ಮಡಚಿ ಬಿಟ್ಟಿತ್ತು, ಮತ್ತೆ ಬಿಚ್ಚುವಾಗ ಉಗುರಿಗೆ ಸಿಗಲಿ ಎಂದು. ಊರಲ್ಲಿ ಎಷ್ಟೇ ಜನ ಮೆಕ್ಯಾನಿಕ್ಕುಗಳಿರಲಿ, ಹಾಗೆ ಮಡಚುವವನು ಒಬ್ಬನೇ. ಅವಳ ಮೈದುನ.

ಅವನಿಗೆ ಮನೆಯಲ್ಲಿ ಗುಮ್ಮ ಎಂದೇ ಹೆಸರು. "ಇವನು ಗುಮ್ಮನಗುಸುಕ ಕಣೇ, ಹಲ್ಲು ನೋವಾದ್ರೂ ಹೇಳಲ್ಲ, ಕೆನ್ನೆ ಊದಿದ ಮೇಲೆ ನಾವೇ ತಿಳ್ಕೋಬೇಕು" ಎಂದು ಅಣ್ಣ ಗೇಲಿ ಮಾಡುತ್ತಿದ್ದ. ಅಪ್ಪನ ಕಾಲದ ಶೆಡ್ಡನ್ನು ಅವನೇ ನಡೆಸುತ್ತಿದ್ದ. ಡೀಸೆಲ್ ಇಂಜಿನ್ನಿನ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ. ಆದರೆ ಆ ಮಾತು ಬಾಯಿಂದ ಹೊರಗೆ ಬಂದರೆ ತಾನೆ!

ತಾನಾಗಿಯೇ ಬಂದು ಹೇಳಲಿ ಎಂದು ಅವಳು ಕಾದಳು. ಅವನು ಬಂದ. ಒಂದೂ ಭಾನುವಾರ ತಪ್ಪಿಸದೆ ಬಂದ. ಟ್ರೈಲರಿನ ಸೊಟ್ಟ ನೆಟ್ಟಗೆ ಮಾಡಿದ, ನಾಲ್ಕೂ ಚಕ್ರಕ್ಕೆ ಹೊಸ ಬ್ರೇಕು ಹಾಕಿದ, ವೈರನ್ನೆಲ್ಲ ಕಿತ್ತು ಹೊಸದಾಗಿ ಎಳೆದ. ಅವಳು ಕಿಟಕಿಯ ಹಿಂದೆ ಕೈಕಟ್ಟಿ ನಿಂತು ನೋಡುತ್ತಿದ್ದಳು. ಹಳೆಯ ವೈರನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೋದನೇ ಹೊರತು ಮಾತಿಲ್ಲ ಕತೆಯಿಲ್ಲ. ಎಂಥ ಗಟ್ಟಿ ಪಿಂಡ! ಅಣ್ಣನನ್ನು ತಿಂದುಕೊಂಡವನಿಗೆ ನಿದ್ದೆಯಾದರೂ ಹೇಗೆ ಬರುತ್ತದೆ? ಅವಳೇ ಕೇಳಬಹುದಿತ್ತು. ತಾನು ಕೇಳಿದ ಮೇಲೆ ಹೇಳಿದರೆ ಅದಕ್ಕೇನು ಬೆಲೆ ಎಂದು ಹಟ ಹಿಡಿದಳು. ಹಟಕ್ಕೆ ಹತ್ತು ತಿಂಗಳಾಯಿತು.

ಈಗ ಗರಗಸ ಸಿದ್ಧವಾಗಿ ನಿಂತಿದೆ. ಅದನ್ನು ತಾನೇ ತೆಗೆದುಕೊಂಡು ಹೋಗುತ್ತೇನೆ, ತಾನೇ ಹಲಗೆ ಸೀಳುತ್ತೇನೆ ಎಂದು ಅವಳು ತೀರ್ಮಾನಿಸಿದ್ದಾಳೆ. ಗಾಡಿ ಓಡಿಸಲು ಬರುತ್ತದೆ, ಯಂತ್ರದ ಒಳಹೊರಗು ಗೊತ್ತು. ಗೊತ್ತಿಲ್ಲದ್ದು ಒಂದೇ, ಹಳೇ ಡೀಸೆಲ್ ಪಿಕಪ್ಪುಗಳಲ್ಲಿ ಯಾವುದು ಅಷ್ಟು ಭಾರ ಎಳೆದೀತು, ಯಾವುದು ಕೈಕೊಟ್ಟೀತು ಎಂಬುದು. ಅದು ಗೊತ್ತಿರುವವನು ಗುಮ್ಮನೇ. ಹಾಗಾಗಿ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು: ಗಾಡಿ ಆರಿಸಿ ಕೊಡುವವರೆಗೆ ಇವನು ಬೇಕು. ಕೀಲಿ ಕೈಗೆ ಬಂದ ಗಳಿಗೆ, ವೈರು ಕತ್ತರಿಸಿದ್ದು ನೀನೇ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು. ಇನ್ನು ನನ್ನ ಹೊಸಿಲು ತುಳಿಯಬೇಡ ಎಂದು ಸಂಬಂಧ ಹರಿದುಕೊಳ್ಳುವುದು. ಕೆಲಸ ಮಾಡಿಸಿಕೊಂಡು ಕೈಬಿಡುವುದು ತನಗೆ ಒಪ್ಪುವಂಥದ್ದಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಗಟ್ಟಿಮನಸ್ಸು ಮಾಡಿಯೇ ಮನೆ ಬಿಟ್ಟಿದ್ದಳು.

ಮೊದಲು ಹೋದದ್ದು ಹಳೇ ಗಾಡಿಗಳ ಬ್ರೋಕರನ ಜಾಗಕ್ಕೆ. ತಗಡಿನ ಬೇಲಿಯ ಒಳಗೆ ಮೂವತ್ತು ನಲವತ್ತು ಗಾಡಿ, ಎಲ್ಲವೂ ಮಿರಿಮಿರಿ. ಬ್ರೋಕರನಿಗೆ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತದೇನೋ ಎಂಬಂತೆ ಮಾತು.

"ಬನ್ನಿ ಅಕ್ಕಾ, ಬನ್ನಿ. ಇದು ಪಿಕಪ್ ಅಲ್ಲ, ಆನೆ! ಒಬ್ರೇ ಡಾಕ್ಟರು ಇಟ್ಕೊಂಡಿದ್ದು. ಆಸ್ಪತ್ರೆಗೆ ಹೋಗೋದು, ಮನೆಗೆ ಬರೋದು. ಇದರ ಮೇಲೆ ಒಂದು ಚೀಲ ಸಿಮೆಂಟೂ ಹೇರಿಲ್ಲ ಅಂದ್ರೆ ನಂಬ್ತೀರಾ?"

"ಡಾಕ್ಟರಿಗೆ ಪಿಕಪ್ ಯಾಕೆ?" ಎಂದಳು ಅವಳು.

"ಅದೇ ನೋಡಿ, ಶೋಕಿ!" ಎಂದ ಬ್ರೋಕರ್, ಚೂರೂ ಅಳುಕದೆ.

ಮೈದುನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ.

"ಬೆಚ್ಚಗಿದೆ."

"ಬೆಳಿಗ್ಗೆ ಹುಡುಗ್ರು ಒಂದು ರೌಂಡ್ ಹಾಕ್ಸಿದ್ರು ಸಾರ್."

"ಆರಲಿ. ಕಾಯ್ತೀವಿ."

ಕಾದರು. ಎರಡು ಗಂಟೆ, ತಗಡಿನ ನೆರಳಲ್ಲಿ ಒಂದೇ ಬೆಂಚಿನ ಆ ತುದಿ ಈ ತುದಿಯಲ್ಲಿ ಕೂತು. ಬ್ರೋಕರ್ ಎರಡು ಸಲ ಚಹಾ ತರಿಸಿದ, ಮೂರು ಸಲ ಗಡಿಯಾರ ನೋಡಿಕೊಂಡ. ಬೆಚ್ಚಗಿರುವ ಇಂಜಿನ್ ಯಾವುದಾದರೂ ಸಲೀಸಾಗಿ ಏಳುತ್ತದೆ. ಮೈ ತಣ್ಣಗಾದ ಮೇಲೆ ಎದ್ದರೆ ಅದು ಇಂಜಿನ್. ಇದು ಏಳಲಿಲ್ಲ. ಗೊರಗೊರ ಎಂದಿತು, ಕೆಮ್ಮಿತು, ಐದನೆಯ ಸಲಕ್ಕೆ ಹಿಂದಿನಿಂದ ಬಿಳಿ ಹೊಗೆ ಉಗುಳಿ ಎದ್ದು ನಿಂತು ಗಡಗಡ ನಡುಗಿತು. ಆನೆಗೆ ಚಳಿಜ್ವರ ಎಂದುಕೊಂಡಳು ಗರಗಸದಕ್ಕ.

ಮೈದುನ ಗಾಡಿಯ ಅಡಿಗೆ ಹೋಗಿ ಮಲಗಿದ. ಟ್ರೈಲರಿನ ಕೊಂಡಿ ಕೂರುವ ಕಡೆ ಚಾಸಿಗೆ ಹೊಸ ಕಪ್ಪು ಬಣ್ಣ ಹೊಡೆದಿದ್ದರು. ಸ್ಕ್ರೂಡ್ರೈವರ್ ತುದಿಯಿಂದ ಅದನ್ನು ಕೆರೆದ. ಒಳಗೆ ವೆಲ್ಡಿಂಗಿನ ಗಂಟು, ಗಂಟಿನ ಪಕ್ಕ ಕೂದಲೆಳೆಯಷ್ಟು ಬಿರುಕು.

"ಡಾಕ್ಟರು ಇದರಲ್ಲಿ ಏನೋ ಭಾರವಾದ್ದೇ ಎಳೆದಿದಾರೆ" ಎಂದು ಎದ್ದು ಮೈ ಕೊಡವಿಕೊಂಡ. ಬ್ರೋಕರನ ಮುಖ ಹುಳ್ಳಗಾಯಿತು.

ಹೊರಗೆ ಬಂದ ಮೇಲೆ ಮೈದುನ ರಸ್ತೆಯ ಕಡೆ ನೋಡುತ್ತ ಹೇಳಿದ, "ಎಳೆಯೋದು ಯಾವ ಗಾಡಿನಾದ್ರೂ ಎಳೆಯುತ್ತೆ ಅತ್ತಿಗೆ. ನಿಲ್ಲಿಸೋದು ಮುಖ್ಯ."

ಅವಳಿಗೆ ರಕ್ತ ನೆತ್ತಿಗೇರಿತು. ಹೇಳುವುದಕ್ಕೆ ನಾಲಿಗೆಯಾದರೂ ಹೇಗೆ ಬಂತು ಇವನಿಗೆ! ಆ ಇಳಿಜಾರಿನಲ್ಲಿ ನಿಲ್ಲಿಸಲಾಗದೆ ಹೋದವನು ಯಾರು, ನಿಲ್ಲದಂತೆ ಮಾಡಿದವನು ಯಾರು? ಮಾತು ಗಂಟಲಿಗೆ ಬಂದಿತ್ತು. ಕೀಲಿ ಇನ್ನೂ ಕೈಗೆ ಬಂದಿಲ್ಲ ಎಂದು ನುಂಗಿಕೊಂಡಳು. ಅವನ ಮುಖವನ್ನೂ ನೋಡದೆ ಬಸ್ ನಿಲ್ಲುವ ಕಡೆ ನಡೆದಳು.

ಎರಡನೆಯ ಗಾಡಿ ಊರಾಚೆ, ಕುದುರೆ ಸಾಕುವ ಒಬ್ಬ ಮುದುಕನದು. ಸಾಕುತ್ತಿದ್ದವನದು ಎನ್ನಬೇಕು. ಮಂಡಿ ಕೈಕೊಟ್ಟ ಮೇಲೆ ಇದ್ದ ಎರಡು ಕುದುರೆಗಳನ್ನೂ ಮಾರಿದ್ದ. ಲಾಯ ಖಾಲಿ, ಗೂಟದಲ್ಲಿ ಹಗ್ಗಗಳು ಮಾತ್ರ. ಪಿಕಪ್ ಒಂದು ಮರದ ಕೆಳಗೆ ಧೂಳು ಹೊತ್ತು ನಿಂತಿತ್ತು. ಮಿರುಗು ಎಂಬುದು ಅದರ ಮೈಯಲ್ಲಿ ಎಲ್ಲೂ ಇರಲಿಲ್ಲ. ಬಾಗಿಲಲ್ಲಿ ಒಂದು ಹಳ್ಳ, ಬಂಪರಿನಲ್ಲಿ ಇನ್ನೊಂದು.

"ಒಳ್ಳೇ ಗಾಡಿ ಅಂತ ನಾನು ಹೇಳಲ್ಲ," ಎಂದ ಮುದುಕ, ಕೋಲಿನ ಮೇಲೆ ಭಾರ ಹಾಕಿ. "ನೋಡ್ಕೊಳ್ಳಿ. ಹನ್ನೊಂದು ವರ್ಷ ಕುದುರೆ ಟ್ರೈಲರ್ ಎಳೆದಿದೆ. ಹಿಂದೆ ಜೀವ ಇರ್ತಿತ್ತಮ್ಮಾ. ನಾನು ಒಂದ್ಸಲ ಜೋರಾಗಿ ಬ್ರೇಕ್ ಹಾಕಿದ್ರೆ ನನ್ನ ಕುದುರೆ ಕೆಂದಿ ಎರಡು ದಿನ ನನ್ನ ಕೈಯಿಂದ ಮೇವು ತಿಂತಿರ್ಲಿಲ್ಲ. ಹಂಗಾಗಿ ನಿಧಾನ ಕಲಿತೆ."

ಅಂಗೈ ಇಟ್ಟು ನೋಡಿದರೆ ಬಾನೆಟ್ ತಣ್ಣಗಿತ್ತು. ಕೀಲಿ ತಿರುಗಿಸಿದ್ದೇ ತಡ, ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಮೈದುನ ಆಯಿಲ್ ಮುಚ್ಚಳ ತೆಗೆದು ಕಿವಿಗೊಟ್ಟ, ಹೊಗೆಯ ಬಣ್ಣ ನೋಡಿದ, ಕೊಂಡಿಯ ಬೋಲ್ಟುಗಳನ್ನು ಒಂದೊಂದಾಗಿ ಎಳೆದು ಜಗ್ಗಿದ. ಚಾಸಿಗೆ ತುಕ್ಕು ಹಿಡಿದಿತ್ತು, ಆದರೆ ಮೇಲೆ ಬಣ್ಣ ಹೊಡೆದು ಮುಚ್ಚಿರಲಿಲ್ಲ. ಅವನ ಮುಖ ಸ್ವಲ್ಪ ಸಡಿಲಾದದ್ದು ಅವಳಿಗೆ ದೂರದಿಂದಲೇ ತಿಳಿಯಿತು. ಹದಿನಾರು ವರ್ಷ ಕಂಡ ಮುಖ. ಇದೇ ಗಾಡಿ, ಇವತ್ತೇ ಮುಗಿಯುತ್ತದೆ ಎಂದುಕೊಂಡಳು. ಮುಗಿಯುತ್ತದೆ ಎನ್ನುವುದು ಯಾಕೋ ಹಿತವೆನಿಸಲಿಲ್ಲ. ಅದಕ್ಕೆ ಸೊಪ್ಪು ಹಾಕಲಿಲ್ಲ.

ಅಷ್ಟರಲ್ಲಿ ಮೈದುನ ಹಿಂದಿನ ಎಡಗಡೆಯ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಚಕ್ರದ ಒಳಮೈ ಒದ್ದೆಯಾಗಿತ್ತು. ಜಾಕ್ ಕೊಟ್ಟು ಚಕ್ರ ಬಿಚ್ಚಿದ, ಡ್ರಮ್ ತೆಗೆದ. ಬ್ರೇಕ್ ಆಯಿಲ್ ಸೋರುತ್ತಿತ್ತು. ಹಿಂದಿನ ಚಕ್ರದ ಸಿಲಿಂಡರ್ ಹೋಗಿದೆ, ಸಣ್ಣ ಸಾಮಾನು, ಪೇಟೆಯಲ್ಲಿ ಸಿಗುತ್ತದೆ ಎಂದು ಮುದುಕನಿಗೆ ಹೇಳಿದ. ಅವಳಿಗೂ ಹೇಳಲು ಎರಡು ಹೆಜ್ಜೆ ಬಂದ. ಅವನು ಬರುವುದು ಕಂಡು ಅವಳು ಅಭ್ಯಾಸಬಲದಿಂದ ಬೆನ್ನು ತಿರುಗಿಸಿ ಲಾಯದ ಕಡೆ ಹೋದಳು. ಅವನು ಅಲ್ಲೇ ನಿಂತ, ಹಿಂದಿರುಗಿದ. ಸ್ವಲ್ಪ ಹೊತ್ತಿಗೆ ಮುದುಕನ ಸ್ಕೂಟರು ಹತ್ತಿ ಪೇಟೆಗೆ ಹೋದ ಸದ್ದು ಕೇಳಿತು.

ಲಾಯದಲ್ಲಿ ನೋಡುವುದೇನಿದೆ? ಅವಳು ಮರದ ಕೆಳಗೆ ಬಂದಳು. ಚಕ್ರ ಮತ್ತೆ ತನ್ನ ಜಾಗದಲ್ಲಿತ್ತು, ಗಾಡಿ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತು ನೋಡಿದಳು. ಕಾಲಿಗೆ ಪೆಡಲ್ ಸಿಗುತ್ತದೆ, ಕನ್ನಡಿಯಲ್ಲಿ ಹಿಂದಿನದು ಕಾಣುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಬೆರಳ ದಪ್ಪ ಧೂಳು. ಒರೆಸೋಣವೆಂದರೆ ಬಟ್ಟೆ ಎದುರಿಗೇ ಇತ್ತು. ಸ್ಟೀರಿಂಗಿಗೆ ಯಾರೋ ಒಂದು ಕೆಂಪು ಚಿಂದಿಬಟ್ಟೆ ಕಟ್ಟಿದ್ದರು, ಎರಡು ಗಂಟು ಹಾಕಿ. ಮೊದಲ ಗಂಟಿಗೆ ಉಗುರು ಹಾಕಿದಳು.

"ಮುಟ್ಟಬೇಡಮ್ಮಾ!" ಎಂದು ಮುದುಕ ಕಿರುಚಿದ. ಕೋಲು ಊರಿಕೊಂಡು ಆದಷ್ಟು ಬೇಗ ಬಂದ. "ಅದನ್ನ ಬಿಚ್ಚಬಾರ್ದಂತೆ. ಬ್ರೇಕ್ ಕೆಲಸ ಅರ್ಧ ಆಗಿದೆ, ಗಾಡಿ ಯಾರೂ ಓಡಿಸ್ಬಾರ್ದು ಅಂತ ಗುರುತಂತೆ. ಅವರಪ್ಪನ ಕಾಲದಿಂದ ಅವರ ಶೆಡ್ಡಲ್ಲಿ ಹಂಗೇ ಅಂತೆ. ಬಟ್ಟೆ ಇದ್ರೆ ಕೀಲಿ ಮುಟ್ಟಬಾರ್ದು, ಬಟ್ಟೆ ಇಲ್ದಿದ್ರೆ ಕೆಲಸ ಮುಗಿದಿದೆ ಅಂತ ಅರ್ಥ. ನಿಂಗೂ ಹೇಳು ಅಂದ. ಮೂರು ಸಲ ಹೇಳ್ದ ಪುಣ್ಯಾತ್ಮ! ನಾನೇನು ಕಿವುಡನಾ ಅಂದೆ. ಆದ್ರೂ ಗೇಟಿಂದ ವಾಪಸ್ ಬಂದು ಇನ್ನೊಂದ್ಸಲ ಹೇಳಿ ಹೋದ."

ಅವಳ ಕೈ ಗಂಟಿನ ಮೇಲೇ ಇತ್ತು.

ಅಪಘಾತದ ಹಿಂದಿನ ದಿನ, ಶನಿವಾರ. ಗಂಡ ದಿಮ್ಮಿ ಅಳೆಯಲು ಯಾರದೋ ಮನೆಗೆ ಹೋಗಿದ್ದ. ಟ್ರೈಲರಿನ ಬ್ರೇಕು ಕಚ್ಚಿಕೊಳ್ಳುತ್ತಿದೆ, ಬಂದು ನೋಡು ಎಂದು ತಮ್ಮನಿಗೆ ಹೇಳಿದ್ದ. ಯಾವಾಗಲೂ ಗಾಡಿ ಶೆಡ್ಡಿಗೆ ಹೋಗುತ್ತಿತ್ತು, ಮುಗಿದ ಮೇಲೆಯೇ ಮನೆಗೆ ಬರುತ್ತಿತ್ತು. ಅವತ್ತು ಮಾತ್ರ ಬ್ರೇಕು ಕಚ್ಚಿದ ಟ್ರೈಲರನ್ನು ಎಳೆಯುವುದು ಬೇಡವೆಂದು ಗುಮ್ಮನೇ ಮನೆಗೆ ಬಂದ. ಅಡುಗೆಮನೆಯ ಕಿಟಕಿಯಿಂದ ಅವನ ಬೆನ್ನು ಕಾಣುತ್ತಿತ್ತು. ಯಾವಾಗ ಹೋದನೋ ತಿಳಿಯಲಿಲ್ಲ. ಹೋಗುತ್ತೇನೆ ಎಂದು ಹೇಳಿ ಹೋಗುವ ಪೈಕಿಯೇ ಅವನಲ್ಲ. ಸಂಜೆ ಅವಳು ವಾರದ ಪದ್ಧತಿಯಂತೆ ಪಿಕಪ್ಪಿನ ಒಳಗೆ ಗುಡಿಸಿದಳು. ಸ್ಟೀರಿಂಗಿಗೆ ಎಣ್ಣೆಯಲ್ಲಿ ತೊಯ್ದ ಒಂದು ಕೆಂಪು ಬಟ್ಟೆ. ಥೂ, ಶೆಡ್ಡಿನ ಕೊಳಕೆಲ್ಲ ನನ್ನ ಮನೆಗೇ ಎಂದು ಬೈದುಕೊಂಡು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಹಲ್ಲು ಹಾಕಬೇಕಾಯಿತು. ಬಾಯೆಲ್ಲ ಡೀಸೆಲ್ ವಾಸನೆಯಾಯಿತು. ಸೋಪು ಹಾಕಿ ಒಗೆದು ಹಿತ್ತಲಿನ ಹಗ್ಗಕ್ಕೆ ಹಾಕಿದಳು.

ಗಂಡ ಕತ್ತಲಾಗುವ ಮೊದಲೇ ಬಂದ. ಬಂದವನು ಪಿಕಪ್ಪಿನ ಬಾಗಿಲು ತೆಗೆದು ಒಳಗೆ ಇಣುಕಿದ, ಮುಚ್ಚಿದ. "ಪರವಾಗಿಲ್ಲ ಕಣೇ, ನಮ್ಮ ಗುಮ್ಮ ಕೆಲಸ ಮುಗಿಸ್ಬಿಟ್ಟಿದಾನೆ" ಎಂದು ನಗುತ್ತ ಒಳಗೆ ಬಂದ. ಒಳಗೆ ಏನನ್ನು ನೋಡಿ ಹಾಗೆಂದ ಎಂದು ಕೇಳಬೇಕೆಂದು ಅವಳಿಗೆ ಅನಿಸಲೇ ಇಲ್ಲ. ಯಾಕೆ ಅನಿಸಬೇಕು?

"ಏನಮ್ಮಾ, ಮುಖ ಯಾಕೆ ಹಿಂಗಾಯ್ತು? ನೀರು ತರಲಾ?" ಎಂದ ಮುದುಕ.

"ಬೇಡ ಅಜ್ಜಾ" ಎಂದಳು. ಸಡಿಲಾಗಿದ್ದ ಗಂಟನ್ನು ಮತ್ತೆ ಬಿಗಿದಳು. ಗಾಡಿಯಿಂದ ಇಳಿದು, ಮರದ ಬೇರಿನ ಮೇಲೆ ಕೂತು, ತನ್ನ ಎರಡು ಕೈಗಳನ್ನು ನೋಡಿಕೊಂಡಳು. ಹತ್ತು ತಿಂಗಳು ಅವಳು ಅವನನ್ನು ಮನಸ್ಸಿನಲ್ಲಿ ಬೈಯದ ಬೈಗುಳವಿಲ್ಲ. ಒಂದೊಂದೂ ಈಗ ಅವಳ ಕಡೆಗೇ ತಿರುಗಿ ಬಂತು. ಕೂತಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮೈದುನ ಮುಕ್ಕಾಲು ಗಂಟೆಗೆ ಸಾಮಾನು ತಂದ. ಜಾಕ್ ಕೊಟ್ಟ, ಚಕ್ರ ಬಿಚ್ಚಿದ, ಹೊಸ ಸಿಲಿಂಡರ್ ಕೂರಿಸಿದ. ಅವಳು ಕೂತಲ್ಲಿಂದ ಏಳಲಿಲ್ಲ. ಬ್ರೇಕಿನ ಪೈಪು ಬಿಚ್ಚಿದರೆ ಒಳಗೆ ಗಾಳಿ ಸೇರಿಕೊಳ್ಳುತ್ತದೆ, ಗಾಳಿ ಇದ್ದರೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ತೆಗೆಯಲು ಇಬ್ಬರು ಬೇಕು, ಒಬ್ಬರು ಮೇಲೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬರು ಕೆಳಗೆ ಮಲಗಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಅವನು ಮುದುಕನ ಮಂಡಿ ನೋಡಿದ, ಅವಳ ಕಡೆ ನೋಡಿದ.

"ಅತ್ತಿಗೆ, ಸ್ವಲ್ಪ ಪೆಡಲ್ ಒತ್ತಿ ಕೊಡ್ಬೇಕಾಗಿತ್ತು."

ಅವಳು ಎದ್ದು ಹೋಗಿ ಸೀಟಿನಲ್ಲಿ ಕೂತಳು. ಅವನು ಗಾಡಿಯ ಅಡಿ ಸೇರಿದ. ಮುದುಕ ಚಹಾಕ್ಕೆ ನೀರಿಡುತ್ತೇನೆ ಎಂದು ಮನೆಯೊಳಗೆ ಹೋದ.

"ಒತ್ತಿ."

ಒತ್ತಿದಳು. ಪೆಡಲ್ ಸೀದಾ ಕೆಳಗೆ ಹೋಯಿತು, ಹತ್ತಿಯ ಮೇಲೆ ಕಾಲಿಟ್ಟಂತೆ.

"ಹಿಡೀರಿ."

ಅಡಿಯಲ್ಲಿ ನಟ್ಟು ಸಡಿಲವಾಗಿ ಬುಸ್ಸೆಂದು ಗಾಳಿ ಹೊರಗೆ ಹೋಯಿತು.

"ಬಿಡಿ."

ನಾಲ್ಕಾರು ಸಲ ಹೀಗಾಯಿತು. ಅವನ ಮುಖ ಅವಳಿಗೆ ಕಾಣುತ್ತಿರಲಿಲ್ಲ, ಅವಳದು ಅವನಿಗೆ. ಕಂಡಿದ್ದರೆ ಅವಳು ಬಾಯಿ ತೆರೆಯುತ್ತಿದ್ದಳೋ ಇಲ್ಲವೋ.

"ಗುಮ್ಮಾ."

ಹತ್ತು ತಿಂಗಳ ಮೇಲೆ ಆ ಹೆಸರು. ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು.

"ಏನತ್ತಿಗೆ?"

"ಟ್ರೈಲರ್ ವೈರ್ ಕತ್ತರಿಸಿದ್ದು ನೀನು."

"ಹೌದು." ತಡವೇ ಆಗಲಿಲ್ಲ. "ನಾನೇ. ಒಂದು ಚಕ್ರ ಕಚ್ಕೊಂಡು ಕಾದು ಹೋಗ್ತಿತ್ತು. ವೈರ್ ತೆಗೆದು, ಸೋಮವಾರ ಹೊಸಾದು ತಂದು ಹಾಕೋಣ ಅಂತ ಬಿಟ್ಟು ಹೋದೆ."

"ಸ್ಟೀರಿಂಗ್‌ಗೆ ಬಟ್ಟೆ ಕಟ್ಟಿದ್ಯಾ?"

ಈಗ ತಡವಾಯಿತು. ಮನೆಯೊಳಗೆ ಮುದುಕ ಪಾತ್ರೆ ಇಟ್ಟ ಸದ್ದು ಕೇಳಿತು.

"ಇಲ್ಲ ಅತ್ತಿಗೆ," ಎಂದ ಅವನು. "ಮರೆತೆ. ಕಟ್ಟಿದ್ರೆ ಅಣ್ಣ ಕೊಂಡಿ ಹಾಕ್ತಾನೇ ಇರ್ಲಿಲ್ಲ. ತಪ್ಪೆಲ್ಲ ನಂದೇ. ಹೇಳೋಕೆ ಬಾಯಿ ಬರ್ಲಿಲ್ಲ, ಅಷ್ಟೇ. ಒತ್ತಿ."

ಅವಳು ಒತ್ತಿದಳು.

ನೋಡಿ, ಎಂಥ ಗಳಿಗೆ! ಯಾವ ಮಾತಿಗಾಗಿ ಅವಳು ಹತ್ತು ತಿಂಗಳು ಕಿಟಕಿಯ ಹಿಂದೆ ನಿಂತು ಕಾದಿದ್ದಳೋ ಆ ಮಾತು ಕೊನೆಗೂ ಬಂತು, ಬಂದದ್ದು ಹಸಿ ಸುಳ್ಳಾಗಿ. ಹೂಂ ಎಂದುಬಿಟ್ಟರೆ ಮುಗಿಯಿತು. ತಪ್ಪೆಲ್ಲ ತನ್ನದೇ ಎಂದು ಅವನೇ ಹೊತ್ತುಕೊಂಡಿದ್ದಾನೆ, ಕೇಳುವವರು ಯಾರೂ ಇಲ್ಲ, ಆ ಬಟ್ಟೆಯ ಕತೆ ಅವಳ ಜೊತೆಗೇ ಮಣ್ಣಾಗುತ್ತದೆ. ಗರಗಸದಕ್ಕ ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಉಸಿರು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತು ಯೋಚಿಸಿದಳು.

"ನೀನು ಕಟ್ಟಿದ್ದೆ ಕಣೋ," ಎಂದಳು. "ಎರಡು ಗಂಟು ಹಾಕಿ ಕಟ್ಟಿದ್ದೆ. ನಾನು ಹಲ್ಲಿಂದ ಬಿಚ್ಚಿದೆ. ಬಿಚ್ಚಿ, ಸೋಪು ಹಾಕಿ ಒಗೆದು, ಒಣಹಾಕಿದೆ. ಅದೇನು ಅಂತ ನನಗೆ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು."

ಅವಳ ಕಾಲು ಪೆಡಲಿನ ಮೇಲೇ ಇತ್ತು.

"ನನಗೆ ಗೊತ್ತಿತ್ತು ಅತ್ತಿಗೆ." ದನಿ ನೆಲದಿಂದ ಬಂದಂತಿತ್ತು. "ಅವತ್ತೇ. ಅಣ್ಣನ್ನ ಮನೆಗೆ ತಂದಾಗ ಹಿತ್ತಲಿಗೆ ಹೋದೆ, ನಿಮ್ಮ ಬಟ್ಟೆಗಳ ಜೊತೆ ಹಗ್ಗದ ಮೇಲಿತ್ತು. ಶೆಡ್ಡಿನವರೆಲ್ಲ ಬಂದಿದ್ರು. ಯಾರ ಕಣ್ಣಿಗೂ ಬೀಳಬಾರ್ದು ಅಂತ ತೆಗೆದು ಜೇಬಿಗೆ ಹಾಕ್ಕೊಂಡೆ."

"ಹತ್ತು ತಿಂಗಳು ನಿನ್ನನ್ನ ನಾಯಿಗಿಂತ ಕಡೆಯಾಗಿ ಕಂಡೆ. ಯಾಕೋ ಸುಮ್ಮನಿದ್ದೆ? ಒಂದು ಮಾತು ಹೇಳ್ಬಾರ್ದಿತ್ತಾ?"

"ನನ್ನ ಮೇಲೆ ನೀವು ಸಿಟ್ಟಾದ್ರೆ ನಾನು ತಡ್ಕೋತೀನಿ. ನಿಮ್ಮ ಮೇಲೆ ನೀವೇ ಸಿಟ್ಟಾದ್ರೆ ಅದನ್ನ ಯಾರು ಇಳಿಸ್ತಾರೆ ಅತ್ತಿಗೆ?" ಮತ್ತೆ ಅವನೇ ಹೇಳಿದ. "ನೀವು ಅಡುಗೆಮನೇಲೇ ಇದ್ರಿ. ಕಿಟಕೀಲಿ ಕಾಣ್ತಿದ್ರಿ. ಒಂದು ಕೂಗು ಹಾಕಿದ್ರೆ ಸಾಕಿತ್ತು. ಬಟ್ಟೆ ಕಟ್ಟಿದೀನಲ್ಲ, ಇನ್ನೇನು ಮಾತು ಅಂತ ಹೊರಟು ಹೋದೆ. ಒಂದೇ ಒಂದು ಮಾತು ಅತ್ತಿಗೆ. ಅಷ್ಟೂ ಆಗ್ಲಿಲ್ಲ ನನ್ನ ಕೈಲಿ."

ಅವಳು ಸ್ಟೀರಿಂಗಿಗೆ ಹಣೆ ಒತ್ತಿಕೊಂಡಳು. ಡೀಸೆಲ್ ವಾಸನೆ ಮೂಗಿಗೆ ಬಡಿಯಿತು.

"ಒತ್ತಿ" ಎಂದ ಅವನು.

ಒತ್ತಿಯೇ ಇದ್ದಳು. ಕಾಲನ್ನು ಇನ್ನಷ್ಟು ಬಲವಾಗಿ ಊರಿದಳು. ಪೆಡಲ್ ಈಗ ಕೆಳಗೆ ಹೋಗಲಿಲ್ಲ, ಅರ್ಧದಲ್ಲೇ ಕಲ್ಲಿನಂತೆ ನಿಂತಿತು.

"ಹಿಡೀರಿ."

ಹಿಡಿದಳು. ನಟ್ಟು ಬಿಗಿಯುವ ಸದ್ದು ಕೇಳಿತು. ಆಮೇಲೆ ಸ್ಪ್ಯಾನರ್ ಕಲ್ಲಿನ ಮೇಲೆ ಬಿದ್ದ ಸದ್ದು. ಬಿಡಿ ಎಂಬ ಮಾತಿಗೆ ಅವಳು ಕಾದಳು, ಅದು ಬರಲಿಲ್ಲ. ಗಾಡಿಯ ಅಡಿಯಿಂದ ಬಂದದ್ದು ಬೇರೆಯೇ ಸದ್ದು. ಅಣ್ಣ ಸತ್ತ ದಿನವೂ ಅಳದೆ ಕಂಬದಂತೆ ನಿಂತಿದ್ದವನು ಅಲ್ಲಿ ಅಂಗಾತ ಮಲಗಿ, ಬಾಯಿಗೆ ತೋಳು ಒತ್ತಿಕೊಂಡು, ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಮುದುಕ ಚಹಾದ ಲೋಟಗಳನ್ನು ತಟ್ಟೆಯಲ್ಲಿಟ್ಟುಕೊಂಡು ಕುಂಟುತ್ತ ಬಾಗಿಲಿಗೆ ಬಂದ. "ಆಯ್ತೇನಮ್ಮಾ? ಎಲ್ಲಿ ನಿನ್ನ ಮೈದುನ?" ಎಂದು ಗಾಡಿಯ ಕಡೆ ಹೆಜ್ಜೆ ಹಾಕಿದ.

"ಅಲ್ಲೇ ಇರಿ ಅಜ್ಜಾ," ಎಂದಳು ಗರಗಸದಕ್ಕ. ಕಣ್ಣೀರು ಗಲ್ಲದಿಂದ ಇಳಿಯುತ್ತಿತ್ತು, ದನಿ ಮಾತ್ರ ನೆಟ್ಟಗಿತ್ತು. "ಗಾಡಿ ನಾವೇ ತಗೋತೀವಿ. ಆದ್ರೆ ಕೆಲಸ ಇನ್ನೂ ಮುಗಿದಿಲ್ಲ. ನಮಗೆ ಇನ್ನೊಂದ್ಸ್ವಲ್ಪ ಹೊತ್ತು ಬೇಕು."

ಮುದುಕ ನಿಂತ. ಅವಳು ಪೆಡಲಿನ ಮೇಲಿನ ಕಾಲು ತೆಗೆಯಲಿಲ್ಲ.